ಗುರು, ಲಘು

ನೂರಡಿ ರಸ್ತೆಯ ಪಂಪ್‌ಸೆಟ್ ಅಂಗಡಿಯ ಮಾಳಿಗೆಯಲ್ಲಿ
ಎರಡನೇ ಶನಿವಾರ ನಾವು ಹನ್ನೊಂದು ಜನ,
ಹನ್ನೊಂದು ಕುರ್ಚಿ, ಒಂದರ ಕಾಲು ಕುಂಟು.
ವಿಷಯ ಒಂದೇ: ಹವ್ಯಾಸಿ ರೇಡಿಯೊ ಲೈಸೆನ್ಸಿಗೆ
ಮೋರ್ಸ್ ಬರಲೇಬೇಕೆ?
ದೆಹಲಿಗೆ ಕಾಗದ ಬರೆಯಬೇಕು. ಬೇಕೋ, ಬೇಡವೋ,
ಕೈ ಎತ್ತುವ ಮೊದಲು ಮಾತಾಡಿ ಅಂದರು ಕಾರ್ಯದರ್ಶಿ.

ಮುಬೀನಾ ಎದ್ದಳು. ಪಾಲಿಟೆಕ್ನಿಕ್ಕಿನ ಹುಡುಗಿ,
ಗುತ್ತಲಿನ ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿಯನ್ನೇ
ಆಂಟೆನಾ ಮಾಡಿ ಲಕ್ಷದ್ವೀಪದ ಮಾತು ಕೇಳಿದವಳು.
"ಕಾರಿನ ಲೈಸೆನ್ಸಿಗೆ ಬಂದವರನ್ನ
ಎತ್ತಿನ ಗಾಡಿ ಹೊಡೆದು ತೋರಿಸಿ ಅಂತೀರಾ, ಸಾರ್?"
ನಗು. ಎತ್ತು ಕಟ್ಟಿ ಗೊತ್ತಿದ್ದ ಪುಟ್ಟಮಾದು ಮಾತ್ರ
"ಹೊಡೆಯೋದು ಸಲೀಸು ಕಣವ್ವ, ನಿಲ್ಸೋದು ಕಷ್ಟ" ಅಂದ.
ಅದು ಯಾರ ಕಡೆಯ ಮಾತೋ ಯಾರಿಗೂ ತಿಳಿಯಲಿಲ್ಲ.

ನನ್ನ ಸರದಿ. ಮೋಟಾರು ಸುತ್ತುವವನು ನಾನು,
ತಾಮ್ರದ ಸುತ್ತು ಎಣಿಸಿ ಎಣಿಸಿ
ಬೆರಳಿಗೇ ಲೆಕ್ಕ ಬರುವವನು.
ಜೇಬಲ್ಲಿ ಬರೆದು ತಂದ ಭಾಷಣ. ಬೇಕೇ ಬೇಕು ಅಂತ.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರವೂ ನನಗೆ
ಎರಡು ವರ್ಷ ಒಂದೇ ಜೀರುಂಡೆ.
ತಂತಿ ಕಚೇರಿಯ ಬೋರಲಿಂಗಯ್ಯನವರು
ಮೂರನೇ ಲೋಟ ಟೀ ಕುಡಿಸಿ ಕೇಳಿದರು:
"ಹೈಸ್ಕೂಲಲ್ಲಿ ಪ್ರಸ್ತಾರ ಹಾಕಿದ್ದೀಯೇನ್ಲಾ?"
ಹಾಕಿದ್ದೆ. ಲಘುವಿಗೆ ಬಟ್ಟಲು, ಗುರುವಿಗೆ ಗೀಟು,
ಹತ್ತಕ್ಕೆ ನಾಲ್ಕು ಅಂಕ.
"ಚುಕ್ಕೆ ಅಂದ್ರೆ ಲಘು. ಗೀಟು ಗುರು. ಮುಗೀತು."

ಯಾರು ಅಲ್ಲಿ? ಗುರು ಲಘು ಗುರು ಲಘು: ಅದು ಸಿ.
ಕೇಳ್ಲಾ ಮಗಾ! ಗುರು ಗುರು ಲಘು ಗುರು: ಅದು ಕ್ಯೂ.
ಲೋಕದ ಆಪರೇಟರುಗಳೆಲ್ಲ
ಕತ್ತಲಿಗೆ ಬಾಯಿಟ್ಟು ಕೂಗುವ ಆ ಸಿಕ್ಯೂ
ಮಂಡ್ಯದ ಬಾಯಲ್ಲಿ
ಯಾರು ಅಲ್ಲಿ, ಕೇಳ್ಲಾ ಮಗಾ.
ತೂಬು ಎತ್ತಿದ ನಾಲೆಯ ಹಾಗೆ ಕಿವಿ ತುಂಬಿತು ಆವತ್ತು.

ಇಷ್ಟು ಹೇಳಿ ಕೂರಬೇಕಿತ್ತು. ಭಾಷಣದಲ್ಲಿ ಇದ್ದದ್ದು ಇಷ್ಟೇ.
ಬಾಯಿ ಮುಂದಕ್ಕೆ ಹೋಯಿತು.

ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ.
ಮೂರನೇ ಸಲ, ಬೆಂಗಳೂರಲ್ಲಿ, ಹೆಡ್‌ಫೋನಿಗೆ ಬಂದದ್ದು
ಎರಡನೇ ಸಲದ್ದೇ ಪಾಠ. ಯಾವುದೋ ಬಂದರು, ಯಾವುದೋ ಹಡಗು,
ಅಕ್ಕಿ ಮೂಟೆ. ಸೋತ ದುಃಖಕ್ಕೆ
ಬಾಯಿಪಾಠವಾಗಿ ಹೋಗಿತ್ತು.
ಕೇಳದೆಯೇ ಬರೆದೆ. ಪಾಸು.
ಇಪ್ಪತ್ತೆಂಟು ವರ್ಷದಿಂದ ಕಟ್ಟು ಹಾಕಿಸಿ
ಗೋಡೆಗೆ ತೂಗಿದ್ದೀನಲ್ಲ, ಅದು ಆ ಲೈಸೆನ್ಸು.

ಮೋರ್ಸ್ ಬಂದದ್ದು ಆಮೇಲೆ. ಯಾರೂ ಅಂಕ ಕೊಡದ ರಾತ್ರಿ,
ಸಕ್ಕರೆ ಕಾರ್ಖಾನೆಯ ಸೈರನ್ನು
ಉದ್ದನೆಯ ಒಂದು ಗುರು ಎಳೆದು ನಿಂತ ಮೇಲೆ
ಗೊರಗೊರ ಗಾಳಿಯೊಳಗೆ ಕೈಯಾಡಿಸಿ
ಸಾಸಿವೆಯಷ್ಟು ಸದ್ದು ಹೆಕ್ಕುತ್ತ.
ಮಾತು ಮುಳುಗುವಲ್ಲಿ ಚುಕ್ಕೆ ತೇಲುತ್ತೆ, ಅದು ನಿಜ.
ಆ ನಿಜವನ್ನು ನನಗೆ ಕಲಿಸಿದ ಸಾಹೇಬ ಯಾರೂ ಇಲ್ಲ.

ಕುಂಟು ಕುರ್ಚಿ ಕಿರುಗುಟ್ಟಿತು. ಮುಬೀನಾ ನೆಲ ನೋಡಿದಳು,
ಅಪ್ಪನ ಸಾಲದ ಚೀಟಿ ಕೈಗೆ ಸಿಕ್ಕವಳ ಹಾಗೆ.
ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು:
"ಇರಲಿ. ಈಗ ಬೇಕೋ? ಬೇಡವೋ?"

ಯಾರ ಕೈ ಯಾವಾಗ ಎದ್ದಿತೋ ನಾನು ನೋಡಲಿಲ್ಲ.
ನನ್ನದು ಮೇಜಿನ ಮೇಲೇ ಇತ್ತು,
ತೋರುಬೆರಳು ತನ್ನಷ್ಟಕ್ಕೆ
ಗುರು ಲಘು, ಗುರು ಲಘು.
ಬೋರಲಿಂಗಯ್ಯನವರಿಗೆ ಎಂಬತ್ತೊಂಬತ್ತು, ಕಿವಿ ಹೋಗಿದೆ.
ಅಂಗೈಯನ್ನು ಹಲಗೆಗೆ ಒತ್ತಿ ಓದಿದರು,
ಬೊಚ್ಚು ಬಾಯಲ್ಲಿ ನಕ್ಕರು:
"ಬರ್ಕೊಳ್ಳಿ, ಬೇಕು ಅಂತಾವ್ನೆ.
ಬೇಡ ಅಂದ್ರೂ
ಪ್ರಸ್ತಾರ ಅದೇಯಾ."